ಮುಗಿಯದ ಆಂಟಿಬಯಾಟಿಕ್

"ಏನ್ರೀ ಸುಮಂಗಲಾ, ನಿಮ್ಮ ಯಜಮಾನ್ರ ಆ ಆಂಟಿಬಯಾಟಿಕ್ ಕೋರ್ಸ್ ಇನ್ನೂ ಮುಗೀಲಿಲ್ವಾ? ದೀಪಾವಳಿಗೂ ಅದೇ ಅಂದ್ರಿ, ಸಂಕ್ರಾಂತಿಗೂ ಅದೇ ಅಂದ್ರಿ. ಆನೆಗೂ ಇಷ್ಟು ಕೊಡಲ್ಲ ಕಣ್ರೀ!"

ಅಚ್ಯುತನ ಮಾತಿಗೆ, ಬುಕಿತ್ ಪಂಜಾಂಗಿನ ಕಾಂಡೋ ವಸತಿ ಸಮುಚ್ಚಯದ ಈಜುಕೊಳದ ಪಕ್ಕ ಯುಗಾದಿ ಊಟಕ್ಕೆ ಸೇರಿದ್ದವರೆಲ್ಲ ನಕ್ಕರು. ಸುಮಂಗಲಾ ಕೂಡ ನಕ್ಕಳು. ತೆರೆಯಲು ಹೊರಟಿದ್ದ ಹೋಳಿಗೆ ಡಬ್ಬಿಯನ್ನು ಮಾತ್ರ ಮತ್ತೆ ಬಿಗಿಯಾಗಿ ಮುಚ್ಚಿದಳು.

ಊರಿಗೆ ಹೋಗಿ ಬಂದವರು ಚಾಂಗಿ ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ಒಂದು ಬಾಟಲಿ ಹಿಡಿದು ಬರುವುದು, ಅದನ್ನು ಎಲ್ಲರೂ ಸೇರಿ ಮುಗಿಸುವುದು ವಿದೇಶದಲ್ಲಿ ನೆಲೆಸಿದ ಈ ಕನ್ನಡಿಗರ ಬಳಗದ ರೂಢಿ. ಹಿಂದಿನ ದಿನವಷ್ಟೇ ಬೆಂಗಳೂರಿನಿಂದ ಮರಳಿದ್ದ ಅಚ್ಯುತ ತನ್ನ ಬಾಟಲಿಯನ್ನು ನೇರವಾಗಿ ಅವಳ ಗಂಡ ಮಹೇಶಕುಮಾರನ ಮುಂದಿಟ್ಟ.

"ನಿನ್ನ ಬ್ರಾಂಡೇ ಹುಡುಕಿ ತಂದಿದೀನಿ ಗುರು. ಓಪನ್ ಮಾಡು."

ಮಹೇಶಕುಮಾರ ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹೋದ ವರ್ಷ ಒಂದು ಬೆಳಿಗ್ಗೆ, ಕಂಪನಿ ಬಸ್ಸಿಗೆ ಹೊರಟವನು ಶೂ ಲೇಸು ಕಟ್ಟಲಾರದೆ ನಡುಗುತ್ತ ಬಾಗಿಲಲ್ಲೇ ಕುಸಿದು ಕೂತಿದ್ದ. ಅವಳೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಸೇರಿಸಿದ್ದಳು. ವಾರ್ಡಿನಿಂದ ಬಂದ ಮೇಲೂ ಅವನು ವಾರವಾರ ಅಲ್ಲಿನ, ಕುಡಿತ ಬಿಡುವವರ ಗುಂಪಿಗೆ ಹೋಗುತ್ತಿದ್ದ; ಒಂದು ಹನಿ ಮುಟ್ಟಿರಲಿಲ್ಲ. ಹೊರಗಿನವರಿಗೆಂದು ಅವಳು, ಆಂಟಿಬಯಾಟಿಕ್ ನಡೀತಿದೆ, ಕುಡಿಯುವಂತಿಲ್ಲ ಎಂಬ ಕಥೆ ಕಟ್ಟಿದ್ದಳು. ಮಾನ ಉಳಿಯಿತು ಅಂದುಕೊಂಡಿದ್ದಳೇ ಹೊರತು, ಮಾತ್ರೆ ಅಂದಮೇಲೆ ಅದು ಮುಗಿಯುವ ದಿನಕ್ಕೆ ಜನ ಕಾಯುತ್ತಾರೆ ಎಂದು ಹೊಳೆದಿರಲಿಲ್ಲ. "ನಿಮ್ಮ ಗಂಡನನ್ನು ಕೇಳಿದ್ದಕ್ಕೆ ನೀವು ಉತ್ತರ ಕೊಡಬೇಡಿ," ಎಂದು ಆಸ್ಪತ್ರೆಯ ಕೌನ್ಸೆಲರ್ ಅವಳಿಗೆ ಎಷ್ಟೋ ಸಲ ಹೇಳಿದ್ದರು. ನಾಲಿಗೆ ತುದಿಗೆ ಬಂದಿದ್ದ ಇನ್ನೊಂದು ಸುಳ್ಳನ್ನು ಸುಮಂಗಲಾ ನುಂಗಿಕೊಂಡಳು.

ಮಹೇಶಕುಮಾರ ಬಾಟಲಿ ಎತ್ತಿಕೊಂಡ. ಅವನು ಎದ್ದು ಹೋಗಿ ಅದನ್ನು ಅಚ್ಯುತನ ಕೈಯಲ್ಲಿಟ್ಟ. ಈ ಬಳಗದಲ್ಲಿ ಯಾವಾಗಲೂ ಬೆಂಗಳೂರು ಕನ್ನಡ ಆಡುತ್ತಿದ್ದವನ ಬಾಯಿಂದ ತನ್ನೂರು ಗದಗಿನ ಮಾತೇ ಬಂತು.

"ಗುಳಿಗಿ ಪಳಿಗಿ ಏನೂ ಇಲ್ಲೋ ಅಚ್ಯುತ. ಕುಡಿತ ನನ್ನ ಕೈ ಮೀರಿತ್ತು. ಅಡ್ಮಿಟ್ ಆಗಿ ಬಿಡಿಸ್ಕೊಂಡು ಬಂದೀನಿ. ಒಂದ್ ಪೆಗ್ ಹಾಕಿದ್ರ ಮತ್ತ ನಿಲ್ಲಂಗಿಲ್ಲ. ಇವತ್ತಷ್ಟ ಅಲ್ಲ, ಮುಂದನೂ ನನಗ ಕೇಳಬ್ಯಾಡ."

ಪಕ್ಕದ ಒಲೆಯ ಕೆಂಡದ ಮೇಲೆ ಜೋಳದ ತೆನೆ ಚಟಪಟ ಅನ್ನುತ್ತಿತ್ತು. ಅದನ್ನು ತಿರುವಲೂ ಯಾರಿಗೂ ತೋಚಲಿಲ್ಲ.

"ನನ್ಗಾದ್ರೂ ಹೇಳ್ಬಾರ್ದಿತ್ತೇನೋ?" ಅಂದ ಅಚ್ಯುತ, ಪೆಚ್ಚಾಗಿ.

"ಹೇಳಿದ್ರ ನೋಡಾಕ ಬರ್ತಿದ್ದಿ. ಹಣ್ಣಿನ ಜೋಡಿ ಒಂದು ಬಾಟ್ಲಿನೂ ತರ್ತಿದ್ದಿ!"

ಮೊದಲು ಕಿಸಕ್ಕೆಂದು ನಕ್ಕವಳು ಅಚ್ಯುತನ ಹೆಂಡತಿ ಶಾಮಲಾ. ಆಮೇಲೆ ಎಲ್ಲರೂ. ಸುಮಂಗಲಾ ನಕ್ಕು ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಚ್ಯುತ ಬಾಟಲಿಯನ್ನು ಚೀಲಕ್ಕೆ ಹಾಕಿ ಕುರ್ಚಿಯ ಹಿಂದೆ ಸರಿಸಿದ.

ಊಟಕ್ಕೆ ಬಡಿಸುವಾಗ ಶಾಮಲಾ ಸುಮಂಗಲಾಳ ಹತ್ತಿರ ಬಂದಳು. "ಆ ಆಸ್ಪತ್ರೆಗೆ ಹೋಗೋಕೆ ಮೊದ್ಲೇ ಬುಕ್ ಮಾಡ್ಬೇಕೇನ್ರೀ?" ಎಂದು ಮೆಲ್ಲಗೆ ಕೇಳಿ, ಕೊಳದ ಬಳಿಯಿದ್ದ ಗಂಡನ ಕಡೆ ನೋಡಿದಳು.

ಅಚ್ಯುತ ಪ್ಯಾಂಟು ಮಡಚಿ, ಮಹೇಶಕುಮಾರನ ಪಕ್ಕ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದ. ಅಚ್ಯುತ ತಲೆ ತಗ್ಗಿಸಿ ಏನು ಕೇಳಿದನೋ ಕೇಳಿಸಲಿಲ್ಲ. ಕೈ ಬೀಸಿ ಬೀಸಿ ಆಸ್ಪತ್ರೆಯ ಕಥೆ ಹೇಳುತ್ತಿದ್ದ ಮಹೇಶಕುಮಾರನ ದೊಡ್ಡ ದನಿ ಮಾತ್ರ ನೀರು ದಾಟಿ ಹೆಂಗಸರವರೆಗೂ ಬರುತ್ತಿತ್ತು.