ಹುಳಿ ಹಾಕದ ಕೆಸು

ಬೆಳಗಿನಿಂದ ಅಶ್ಮಿತಾ ಕೂತಲ್ಲಿ ಕೂರಲಿಲ್ಲ. ಸೋಫಾದ ಹೊದಿಕೆಯನ್ನು ಎಳೆದು ಸರಿ ಮಾಡಿದಳು, ಅದರ ಮೇಲೆಯೇ ಕೂತು ಮುದ್ದೆ ಮಾಡಿದಳು, ಎದ್ದು ಮತ್ತೆ ಎಳೆದಳು. ಕುವೈತಿನ ಸಾಲ್ಮಿಯಾದ ಆ ಫ್ಲ್ಯಾಟಿನಲ್ಲಿ ಓಡಾಡಲು ಜಾಗವಾದರೂ ಎಷ್ಟು? ಕಿಟಕಿಯಿಂದ ಅಡುಗೆಮನೆ, ಅಡುಗೆಮನೆಯಿಂದ ಕಿಟಕಿ. ಹೊರಗೆ ಶುಕ್ರವಾರದ ಖಾಲಿ ಬೀದಿ. ಧೂಳು ಎದ್ದು ಎದುರಿನ ಕಟ್ಟಡದ ಮೇಲ್ಮಹಡಿಗಳು ಅಳಿಸಿಹೋಗಿದ್ದವು.

ಒಳಗೆ ಕೆಲ್ಲನ್ ಹಲಸಿನ ಜಾತಿಯ ಜೀಗುಜ್ಜೆ ಕಾಯಿಯನ್ನು ಹೋಳು ಮಾಡುತ್ತಿದ್ದ. ಅವಳು ಆಫೀಸು ಕೆಲಸ ಮಾಡುವ ಶಾಲೆಯಲ್ಲಿ ಮಕ್ಕಳಿಗೆ ಈಜು ಕಲಿಸುವವನು, ಗ್ರೆನೇಡಾ ಎಂಬ ಕೆರಿಬಿಯನ್ ದ್ವೀಪದವನು. ಪಪ್ಪನಿಗೆ ಅವಳು ಹೇಳಿದ್ದು ಇಷ್ಟೇ: "ನಮ್ಮ ಶಾಲೆಯ ಈಜಿನ ಮಾಸ್ತರು. ಅವರ ಊರಿನ ಅಡುಗೆ ಒಂದು ನಿಮಗೆ ಮಾಡಿ ತೋರಿಸ್ಬೇಕಂತೆ." ಹೇಳದೆ ಉಳಿಸಿಕೊಂಡದ್ದು ಬೇರೆ ಇತ್ತು. ಜೂನಿನಲ್ಲಿ ಶಾಲೆ ಮುಗಿದ ಮೇಲೆ ಅವನು ತನ್ನ ಊರಿಗೆ ಹೊರಡುತ್ತಾನೆ, ಅವನ ಹೆಂಡತಿಯಾಗಿ ಅವಳೂ ಹೊರಡುತ್ತಾಳೆ. ಇವತ್ತು ಊಟ ಮುಗಿಯುವುದರೊಳಗೆ ಅದನ್ನು ಹೇಳಬೇಕು, ಪಪ್ಪನ ಬಾಯಿಂದ ಹೂಂ ಬರಬೇಕು. ಬರದಿದ್ದರೂ ಹೊರಟುಬಿಡುತ್ತೇನೆ ಎಂದು ಕೆಲ್ಲನ್‌ಗೆ ಮಾತು ಕೊಟ್ಟಿದ್ದಳು. ಕೊಟ್ಟಂದಿನಿಂದ ನಿದ್ದೆ ಇರಲಿಲ್ಲ.

ಪಪ್ಪ ತನಿಯಪ್ಪ ಅಡುಗೆಮನೆಯ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಸಲ್ವಾದ ಕೇಟರಿಂಗ್ ಕಂಪನಿಯೊಂದರಲ್ಲಿ ಹಂಡೆಗಳ ಮುಂದೆ ನಿಂತೇ ತಲೆ ನರೆತವರು. ಹೆಂಡತಿ ಪುಷ್ಪಾವತಿ ತೀರಿಕೊಂಡ ಮೇಲೆ ಮನೆಯ ಒಲೆಗೂ ಅವರೇ ಯಜಮಾನರು. ಮಗಳಿಗೆ ಚಾ ಇಡಲು ಬಿಟ್ಟರೆ ಹೆಚ್ಚು.

"ಜೀಗುಜ್ಜೆ, ತೆಂಗಿನ ಹಾಲು, ಅರಸಿನ, ಉಪ್ಪು ಮೀನು, ಕೆಸು," ಎಂದು ಬಾಯಲ್ಲೇ ಎಣಿಸಿದರು. "ಇದು ಎಂತ ಕೆರಿಬಿಯನ್ ಮಾರಾಯ್ತಿ? ಇದು ನಮ್ಮ ಊರು ಕಾಪುವಿನದ್ದೇ ಅಡುಗೆ ಅಲ್ವಾ?"

"ಅವರೂ ಸಮುದ್ರದ ಬದಿಯವರೇ ಪಪ್ಪ."

"ಸಮುದ್ರದ ಬದಿಯವರು ಚೂರಿ ಹೀಗೆ ಹಿಡೀತಾರಾ? ಬೆರಳು ತುಂಡಾದ್ರೆ ಅದನ್ನೂ ಪಾತ್ರೆಗೆ ಹಾಕ್ತಾನಾ ಕೇಳು."

"ಏನಂತೆ?" ಕೆಲ್ಲನ್ ಇಂಗ್ಲಿಷಿನಲ್ಲಿ ಕೇಳಿದ.

"ನಿನ್ನ ಕೈ ಚುರುಕಂತೆ."

"ಸುಳ್ಳು. ನನ್ನ ಅಜ್ಜಿ ಬಯ್ಯುವಾಗಲೂ ಇದೇ ದನಿ." ಅವನು ತಲೆ ಎತ್ತಲಿಲ್ಲ.

ಆಯಿಲ್ ಡೌನ್ ಎಂದು ಆ ಅಡುಗೆಯ ಹೆಸರು. ಎಲ್ಲವೂ ಒಂದೇ ಪಾತ್ರೆಯಲ್ಲಿ ಪದರ ಪದರವಾಗಿ ಕೂರಬೇಕು. ಅಡಿಯಲ್ಲಿ ಕೋಳಿ ಮತ್ತು ಉಪ್ಪು ಮೀನು. ಅವನ ಊರಿನಲ್ಲಾದರೆ ಉಪ್ಪಿನಲ್ಲಿಟ್ಟ ಹಂದಿಯ ಬಾಲವೂ ಇರುತ್ತಿತ್ತು, ಕುವೈತಿನಲ್ಲಿ ಅದರ ಸುದ್ದಿಯೇ ಇಲ್ಲ. ಅದರ ಮೇಲೆ ಜೀಗುಜ್ಜೆ, ಬಾಳೆಕಾಯಿ, ಅಂಗೈಯಲ್ಲಿ ಹೊಸೆದ ಮೈದಾ ಹಿಟ್ಟಿನ ತುಂಡುಗಳು. ಎಲ್ಲಕ್ಕಿಂತ ಮೇಲೆ ಕೆಸುವಿನ ಎಲೆಯ ಹಾಸು. ಅರಸಿನ ಕಲಸಿದ ತೆಂಗಿನ ಹಾಲು ಹೊಯ್ದು ಮುಚ್ಚಿಟ್ಟರೆ ಆಯಿತು. ಹಾಲೆಲ್ಲ ಇಂಗಿ ಬರೀ ಎಣ್ಣೆ ಉಳಿಯುವ ತನಕ ಸೌಟು ಹಾಕುವಂತಿಲ್ಲ, ಮುಚ್ಚಳ ತೆಗೆಯುವಂತಿಲ್ಲ.

"ಹುಳಿ?" ಎಂದರು ತನಿಯಪ್ಪ.

"ಹುಳಿ ಇಲ್ಲ," ಎಂದಳು ಅಶ್ಮಿತಾ.

"ಕೆಸುವಿಗೆ ಹುಳಿ ಇಲ್ವಾ?" ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಕೆಸುವಿನ ಎಲೆಗೆ ಹಚ್ಚಿ ಬೇಯಿಸುವ ಪತ್ರೊಡೆಯ ಹಿಟ್ಟಿಗೆ ಹುಳಿ ಕಡಿಮೆಯಾದರೆ ಮನೆಮಂದಿಯೆಲ್ಲ ಗಂಟಲು ತುರಿಸಿಕೊಂಡು ಕೆಮ್ಮುತ್ತಾ ಕೂರಬೇಕೆಂದು ಅವರ ಕಡೆಯ ಸಣ್ಣ ಮಕ್ಕಳಿಗೂ ಗೊತ್ತು. "ಹೇಳು ಅವನಿಗೆ."

ಹೇಳಿದಳು. ತೆಂಗಿನ ಹಾಲಿನಲ್ಲಿ ಚೆನ್ನಾಗಿ ಬೆಂದರೆ ತುರಿಕೆ ಸತ್ತುಹೋಗುತ್ತದೆ ಎಂದು ಕೆಲ್ಲನ್ ಉತ್ತರಿಸಿದ.

"ಅವನ ಊರಿನ ಕೆಸು ಸಾಧು ಇರಬಹುದು. ಇದು ಕೇರಳದಿಂದ ವಿಮಾನ ಹತ್ತಿ ಬಂದದ್ದು," ಎಂದು ತನಿಯಪ್ಪ ಗೊಣಗಿ ಮತ್ತೆ ಕೂತರು.

ಪಾತ್ರೆ ಒಲೆಗೇರಿದ ಮೇಲೆ ಕೆಲ್ಲನ್ ಕೈ ತೊಳೆದು ಕಿಟಕಿಯ ಬಳಿ ಬಂದ. ದೂರದ ಮಸೀದಿಯಿಂದ ಜುಮಾದ ಬಾಂಗ್ ಕೇಳಿಸುತ್ತಿತ್ತು.

"ಹೇಳಿದೆಯಾ?"

"ಯಾವಾಗ ಹೇಳಲಿ? ನೀನು ಚೂರಿ ಹಿಡಿದಿದ್ದೆ, ಅವರು ಅದನ್ನೇ ನೋಡ್ತಿದ್ದರು."

"ಹಾಗಾದರೆ ನಾನೇ ಹೇಳುತ್ತೇನೆ."

"ಯಾವ ಭಾಷೆಯಲ್ಲಿ?"

ಅವನು ನಗಲಿಲ್ಲ. ಅವನ ಮುಖದಲ್ಲೂ ನಿದ್ದೆಗೆಟ್ಟ ಕಳೆ ಇದೆಯೆಂದು ಅವಳಿಗೆ ಆಗಲೇ ಕಂಡದ್ದು. ಬೆಳಿಗ್ಗೆ ಕೆಸುವಿನ ಎಲೆ ಸೋಸಿಕೊಟ್ಟ ಅವಳ ಅಂಗೈಗಳು ಉರಿಯುತ್ತಿದ್ದವು. ಎರಡನ್ನೂ ಚೂಡಿದಾರಕ್ಕೆ ತಿಕ್ಕುತ್ತಾ ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿದಳು. ಮೊದಲು ಅವನ ಕೆಲಸ, ಆಮೇಲೆ ಅವನ ಗುಣ, ಕೊನೆಗೆ ಊರು. ಅಲ್ಲ, ಊರೇ ಮೊದಲಿರಲಿ. ಪಪ್ಪ ಬಾಗಿಲ ಕುರ್ಚಿಯಲ್ಲಿ ಇಲ್ಲವೆಂಬುದು ಆಗ ಅವಳ ಗಮನಕ್ಕೇ ಬರಲಿಲ್ಲ.

ಊಟಕ್ಕೆ ಕೂತಾಗ ಮುಚ್ಚಳ ತೆಗೆದದ್ದು ಕೆಲ್ಲನ್. ಹಳದಿ ಹಬೆ ಎದ್ದಿತು. ಮೂರೂ ತಟ್ಟೆಗೆ ಬಡಿಸಿ, ತಾನು ಒಂದು ತುತ್ತು ತಿಂದು, ಚಮಚ ಕೆಳಗಿಟ್ಟ.

"ಯಾರೋ ಪಾತ್ರೆ ತೆರೆದಿದ್ದಾರೆ," ಎಂದ.

ಅಶ್ಮಿತಾ ಬಾಯಿಗಿಟ್ಟಳು. ತೆಂಗಿನ ಹಾಲಿನ ಸಿಹಿಯ ನಡುವೆ, ಹೌದು, ಹುಣಸೆಹಣ್ಣು. ಮನೆಯ ರುಚಿ. ಅದು ಚೆನ್ನಾಗಿಯೇ ಇತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಪಪ್ಪ, ಹುಳಿ ಹಾಕಿದ್ರಾ?"

"ಒಂಚೂರು. ಈ ಬದಿಗೆ ಮಾತ್ರ. ಆ ಬದಿ ಅವನದ್ದು ಹಾಗೇ ಉಂಟು," ಎಂದು ಪಾತ್ರೆಯ ಎರಡೂ ಬದಿಗೆ ಬೆರಳು ತೋರಿಸಿದರು.

"ಕಂಪನಿಯಲ್ಲಿ ನಿಮ್ಮ ಹಂಡೆಗೆ ಯಾರಾದ್ರೂ ಕೈ ಹಾಕಿದ್ರೆ ಎಂತ ಮಾಡ್ತೀರಿ?"

"ಸೌಟಲ್ಲಿ ಕೊಡ್ತೇನೆ."

"ಮತ್ತೆ?"

"ಗಂಟಲು ಹಿಡಿದ್ರೆ ನಾಡಿದ್ದು ಇವನು ಮಕ್ಕಳಿಗೆ ಸೀಟಿ ಊದುವುದು ಹೇಗೆ? ಮೊದಲ ಸಲ ಬಂದವನು ನಮ್ಮ ಮನೆಯಿಂದ ತುರಿಸ್ಕೊಂಡು ಹೋಗಬೇಕಾ?"

ಭಾಷೆ ತಿಳಿಯದಿದ್ದರೂ ಕೆಲ್ಲನ್‌ಗೆ ವಿಷಯ ತಿಳಿಯಿತು. ಅವನು ಪಾತ್ರೆಯನ್ನು ತಿರುಗಿಸಿ, ಹುಳಿ ಮುಟ್ಟದ ಬದಿಯಿಂದ ಎಲೆ, ಜೀಗುಜ್ಜೆ ತೋಡಿ ತನಿಯಪ್ಪನವರ ತಟ್ಟೆಗೆ ಹಾಕಿದ. "ಇದನ್ನು ತಿಂದು ನೋಡಲಿ ಎಂದು ಹೇಳು," ಎಂದ. ದನಿಯಲ್ಲಿ ಜಗಳವಿರಲಿಲ್ಲ, ಆದರೆ ಬಿಟ್ಟುಕೊಡುವ ಲಕ್ಷಣವೂ ಇರಲಿಲ್ಲ.

ತನಿಯಪ್ಪ ತಟ್ಟೆಯನ್ನು ನೋಡಿದರು, ಅವನನ್ನು ನೋಡಿದರು. ಔಷಧಿ ತೆಗೆದುಕೊಳ್ಳುವವರಂತೆ ಎಲೆಯ ತುಂಡನ್ನು ಬಾಯಿಗಿಟ್ಟು, ಅಗಿದು, ನುಂಗಿ, ಗಂಟಲ ಮೇಲೆ ಕೈ ಇಟ್ಟು ಕೂತರು.

ಕೆಸುವಿನ ತುರಿಕೆ ಕೂಡಲೇ ಬರುವುದಿಲ್ಲ. ಬರಲಿಕ್ಕಿಲ್ಲ ಎಂದು ನೆಮ್ಮದಿ ಪಡುವಷ್ಟರಲ್ಲಿ ಬರುತ್ತದೆ. ಮೂವರೂ ಕಾದರು. ಎ.ಸಿ. ಒಮ್ಮೆ ನಿಂತು ಮತ್ತೆ ಶುರುವಾಯಿತು. ಪಪ್ಪನ ಗಂಟಲ ಗಂಟು ಏರಿ ಇಳಿಯುವುದನ್ನೇ ನೋಡುತ್ತಿದ್ದ ಅಶ್ಮಿತಾಳಿಗೆ ತಡೆಯಲಾಗಲಿಲ್ಲ. ಜೋಡಿಸಿಟ್ಟ ವಾಕ್ಯಗಳು ಒಂದೂ ಸಿಗಲಿಲ್ಲ.

"ನಾನು ಇವನನ್ನು ಮದುವೆ ಆಗ್ತೇನೆ ಪಪ್ಪ. ಜೂನಿನಲ್ಲಿ ಇವನ ಊರಿಗೆ ಹೋಗ್ತೇನೆ."

ತನಿಯಪ್ಪ ಒಂದು ಕೈ ಎತ್ತಿ ತಡಿ ಎಂದರು. ಮತ್ತೊಮ್ಮೆ ಉಗುಳು ನುಂಗಿದರು.

"ತುರಿಸುವುದಿಲ್ಲ," ಎಂದರು, ನಂಬಲಾಗದವರಂತೆ. ಆಮೇಲೆ, "ಗೊತ್ತುಂಟು."

"ಎಂತ ಗೊತ್ತುಂಟು?"

"ಮಾಸ್ತರು ಬರ್ತಾರೆ ಅಂತ ಯಾರು ಬಾತ್ರೂಮಿನ ಬಕೆಟು ಉಜ್ಜುತ್ತಾರೆ?"

"ಮತ್ತೆ ಎಂತ ಹೇಳ್ತೀರಿ?"

"ನಾನು ಹೇಳುವುದು ಎಂತ ಉಂಟು? ಮಾವನಲ್ಲಿ ಕೇಳಬೇಕು. ನೀನು ಅಮ್ಮನ ಬರಿಯವಳು, ನನ್ನದಲ್ಲ."

ಅವರಲ್ಲಿ ಬರಿ, ಎಂದರೆ ವಂಶದ ಹೆಸರು, ತಾಯಿಯಿಂದ ಬರುತ್ತದೆ. ಮದುವೆಯ ಮಾತಿಗೆ ಸೋದರಮಾವನೇ ದೊಡ್ಡವನು. ಕಾಪುವಿನ ಧನರಾಜ್ ಮಾವ ಆ ದೊಡ್ಡಸ್ತಿಕೆಯನ್ನು ಎಂದೂ ಕೆಳಗಿಟ್ಟವರಲ್ಲ. ಅಶ್ಮಿತಾ ಏನು ಓದಬೇಕು, ಪುಷ್ಪಾವತಿಗೆ ಎಲ್ಲಿ ಮದ್ದು ಮಾಡಿಸಬೇಕು, ಎಲ್ಲ ಅವರದ್ದೇ ತೀರ್ಮಾನ. ತನಿಯಪ್ಪ ಕುವೈತಿನಿಂದ ಹೂಂ ಎನ್ನುತ್ತಾ ಬಂದವರು.

"ಮಾವನಲ್ಲಿ ಕೇಳುವುದಾದ್ರೆ ಒಂದು ಫೋನು ಸಾಕಿತ್ತು," ಎಂದಳು ಅಶ್ಮಿತಾ. "ಬೇಡ ಅಂತಾದ್ರೆ ಬೇಡ ಅನ್ನಿ. ಆದ್ರೆ ಅದು ನಿಮ್ಮದಾಗಿರಲಿ. ಅವರ ಹಿಂದೆ ಹೋಗಿ ನಿಲ್ಲಬೇಡಿ."

ತನಿಯಪ್ಪ ತಟ್ಟೆಯಿಂದ ಇನ್ನೊಂದು ತುತ್ತು ತಿಂದರು. ನಿಧಾನವಾಗಿ ಅಗಿದರು. ಕೈ ತೊಳೆದು ಬಂದು ಮೊಬೈಲ್ ತೆಗೆದುಕೊಂಡರು.

"ಭಾವ, ಊಟ ಆಯ್ತಾ? ಹಾಂ. ಅಶ್ಮಿಗೆ ಒಂದು ಮದುವೆ ನಿಶ್ಚಯ ಮಾಡಿದೆ." ಆ ಕಡೆಯ ದನಿ ಏರಿತು. "ಹೌದು, ನಾನೇ ಮಾಡಿದ್ದು. ಇಲ್ಲ ಭಾವ, ಕೇಳ್ಲಿಕ್ಕೆ ಫೋನು ಮಾಡಿದ್ದಲ್ಲ. ಹೇಳ್ಲಿಕ್ಕೆ ಮಾಡಿದ್ದು."

ತನಿಯಪ್ಪ ಸ್ಪೀಕರ್ ಒತ್ತಿ ಮೊಬೈಲನ್ನು ಮೇಜಿನ ಮೇಲಿಟ್ಟರು.

"ಹುಡುಗ ಯಾರು? ಯಾವ ಬರಿ?" ಧನರಾಜ್ ಮಾವನ ದನಿ ತಟ್ಟೆಗಳ ನಡುವಿನಿಂದ ಎದ್ದಿತು.

ತನಿಯಪ್ಪ ಮಗಳ ಮುಖ ನೋಡಿದರು. ಅಶ್ಮಿತಾ ಕೆಲ್ಲನ್ ಕಡೆ ತಿರುಗಿದಳು. "ನೀನು ಯಾರ ಕಡೆಯವನು ಅಂತ ಕೇಳ್ತಾರೆ. ತಾಯಿಯ ಕಡೆಯಿಂದ."

ಅವನು ಮೊಬೈಲಿನ ಮೇಲೆ ಬಗ್ಗಿದ. "ನಾನು ವೆರ್ನಾಳ ಮಗ," ಎಂದು ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ಹೇಳಿದ. "ವೆರ್ನಾ ಆಲ್ಮಾಳ ಮಗಳು. ನಮ್ಮೂರಲ್ಲಿ ನನ್ನನ್ನು ಗುರುತು ಹಿಡಿಯುವುದೇ ಹಾಗೆ. ತಂದೆಯ ಕಡೆಯದು ನನಗೂ ಸರಿಯಾಗಿ ಗೊತ್ತಿಲ್ಲ."

ಕಾಪುವಿನಲ್ಲಿ ಒಂದು ಬಸ್ಸು ಹಾರ್ನ್ ಹೊಡೆದದ್ದು ಕೇಳಿಸಿತು.

"ತನಿಯಪ್ಪ, ಇದು ಎಲ್ಲಿಯ ಜನ?"

"ಹೇಳ್ತೇನೆ ಭಾವ. ಊಟ ಆರ್ತಾ ಉಂಟು," ಎಂದು ತನಿಯಪ್ಪ ಕರೆ ಕತ್ತರಿಸಿದರು. ಹೆಂಡತಿಯ ಅಣ್ಣನ ಮಾತನ್ನು ಅರ್ಧದಲ್ಲಿ ನಿಲ್ಲಿಸಿದ್ದು ಜೀವಮಾನದಲ್ಲಿ ಅದೇ ಮೊದಲಿರಬೇಕು. ಬೆವರಿದ ಹಣೆಯನ್ನು ತೋಳಿನಿಂದ ಒರೆಸಿಕೊಂಡು, ಏನೂ ಆಗದವರಂತೆ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಮೊಬೈಲ್ ಆಗಲೇ ಮತ್ತೆ ಬಡಿದುಕೊಳ್ಳತೊಡಗಿತ್ತು. ಗುರ್ರೆನ್ನುತ್ತಾ ಮೇಜಿನ ಅಂಚಿಗೆ ಸರಿಯುತ್ತಿತ್ತು. ತನಿಯಪ್ಪ ಅದಕ್ಕೆ ಕೈ ಚಾಚಿದರು.

"ಬೇಡ ಪಪ್ಪ. ನಿಮ್ಮದು ಆಯ್ತು. ಇನ್ನು ನಾನು ಹೇಳ್ತೇನೆ."

ಅಶ್ಮಿತಾ ಅದನ್ನೆತ್ತಿಕೊಂಡು ಕಿಟಕಿಯ ತನಕ ನಡೆದಳು, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಕಿಟಕಿಗೆ.

"ಮಾವ," ಎಂದಳು, "ಕೂತ್ಕೊಂಡಿದ್ದೀರಾ?"