ಒಗ್ಗರಣೆಯಿಲ್ಲದ ಸಂಜೆ

ಎಣ್ಣೆ ಕಾದಿದೆ, ಸಾಸಿವೆ ಅಂಗೈಯಲ್ಲೇ ಇದೆ, ಹಾಕಬೇಕು, ಹಾಕುತ್ತಿಲ್ಲ ಗಂಗಮ್ಮ, ಮೂಗು ಕಿಟಕಿಯ ಕಡೆಗೆ — ಕೆಳಗಿನ ಕೂಲಿ ಲೈನಿನಿಂದ ಹೊಗೆ ಏರುತ್ತಿದೆ, ಅದು ಜವರಿಯ ಮನೆಯ ಬೆಳ್ಳುಳ್ಳಿ, ಅದರಾಚೆ ಯಾರೋ ಒಣಮೀನು ಹುರಿಯುತ್ತಿದ್ದಾರೆ, ಕೊನೆಯ ಮನೆ ಮುದ್ದಿಯದು, ಅಲ್ಲಿ ಬರೀ ಸೌದೆಯ ಹೊಗೆ, ನಿನ್ನೆಯೂ ಹಾಗೇ, ಮೊನ್ನೆಯೂ ಹಾಗೇ, ಕರಿಬೇವಿನ ಘಮವಿಲ್ಲದೆ ಗಂಜಿಯನ್ನೂ ಕುಡಿಯದ ಮುದ್ದಿ. ಎಣ್ಣೆ ಚಟಪಟ ಅನ್ನಬಾರದ ಮನೆ ಯಾವುದು ಅಂತ ಯಾವ ಹೆಂಗಸಿಗೆ ಗೊತ್ತಿಲ್ಲ, ಅಮ್ಮ ಮೈಮೇಲೆ ಎದ್ದಿರುವಾಗ ಒಗ್ಗರಣೆ ಸಿಡಿದರೆ ಅವಳಿಗೆ ಉರಿಯುತ್ತದಂತೆ, ಅಂದರೆ ಸಿಡುಬು ಮುದ್ದಿಯ ದೊಡ್ಡ ಮಗಳಿಗೂ ಬಂತು, ಬಾಗಿಲು ಹಾಕಿ ಮುಚ್ಚಿಟ್ಟಿದ್ದಾಳೆ, ಅದೇ ಕೋಣೆಯಲ್ಲಿ ಹಾಲು ಕುಡಿಯುವ ಕೂಸು, ಸಿಡುಬು ಬಾರದಂತೆ ಚುಚ್ಚುವ ದಾಕು ಇನ್ನೂ ಹಾಕಿಸದ ತೋಳು. ಇವರಿಗೆ ಹೇಳಬೇಕು — ಹೇಳಿದರೆ ಇವರು ತಿರುಗುವುದು ಯಾರ ಕಡೆಗೆ, ಕಮಲಳ ಕಡೆಗೆ. ಜಗಲಿಯಲ್ಲಿ ಕೂತಿದ್ದಾರಲ್ಲ ಇಬ್ಬರೂ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಾಂತಪ್ಪ, ತನ್ನ ಗಂಡ, ಮತ್ತೆ ಮಡಿಕೇರಿಯಿಂದ ಜೀಪಿನಲ್ಲಿ ಬಂದಿಳಿದ ಈ ನರ್ಸು ಕಮಲ, ನಾಳೆ ಬೆಳಿಗ್ಗೆ ಹಾಜರಿ ಕೂಗುವ ಮಸ್ಟರಿಗೆ ಸೇರುವ ಆಳುಗಳಿಗೆ ದಾಕಿನ ವಿಷಯ ಹೇಗೆ ಹೇಳುವುದು ಅಂತ ಮಾತೇ ಮಾತು, ಡಂಗುರ ಬೇಡ ಸಾರ್ ಅನ್ನುತ್ತಾಳೆ ಅವಳು, ಹೋದ ಸಲ ಡಂಗುರ ಕೇಳಿದ್ದೇ ಅರ್ಧ ಲೈನು ಕುಟ್ಟದ ಕಡೆ ಓಡಿತಂತಲ್ಲ, ರೋಗ ಅನ್ನೋದೂ ಬೇಡ, ಅಮ್ಮ ಬಂದಿದ್ದಾಳೆ, ಅವಳ ಅಪ್ಪಣೆ ಕೇಳಿ ಹಾಕ್ತೇವೆ ಅನ್ನೋಣ — ಅಯ್ಯೋ, ಅದು ತನ್ನ ಮಾತು, ಅನ್ನ ಬಡಿಸುತ್ತಾ ತಾನೇ ಇವರ ಕಿವಿಗೆ ಹಾಕಿದ್ದು, ಇವರು ಅವಳಿಗೆ ದಾಟಿಸಿ, ಅವಳ ಬಾಯಿಂದ ಕೇಳಿಸಿಕೊಂಡು ಬಂದು ತನಗೇ ಹೇಳಿದರು, ಆ ಹುಡುಗಿ ಎಷ್ಟು ಸೂಕ್ಷ್ಮ ನೋಡು ಗಂಗಾ. ನೋಡಿದೆನಲ್ಲ. ಮೊದಲ ದಿನವೇ ನೋಡಿದ್ದಳು, ಇವರ ಅಂಗಿತೋಳು ಮೇಲೆ ಸರಿಸಿ ಚರ್ಮವನ್ನು ಬಿಗಿಹಿಡಿದ ಆ ಬೆರಳುಗಳು, ಬಳೆಯ ಜಾಗದಲ್ಲಿ ಗಡಿಯಾರ, ನೋಯ್ತಾ ಸಾರ್, ಇಲ್ಲಮ್ಮ, ಹೂ ಸೋಕಿದ ಹಾಗಾಯ್ತು — ಹೂವಂತೆ! ಇಷ್ಟು ವರ್ಷ ಬೆನ್ನುಜ್ಜಿದವಳಿಗೆ ಒಂದು ಸಲ ಹೂವಿನ ಹೆಸರೆತ್ತಿದ್ದಾರಾ ಈ ಮಹಾರಾಯರು. ಅಕ್ಕ, ನೀವೂ ಬನ್ನಿ ಅಂದಳು ಕಮಲ, ಅಕ್ಕನಂತೆ, ತಲೆನೋವು ಅಂತ ಎದ್ದುಬಂದು ಈ ಒಲೆಯ ಮುಂದೆ ಕೂತುಬಿಟ್ಟಳು ಗಂಗಮ್ಮ. ಆ ತಲೆನೋವು ಲೈನಿಗೆಲ್ಲ ಹರಡಿತು, ಸಿಡುಬಿಗಿಂತ ಬೇಗ, ನೀರಿನ ಹತ್ತಿರ ಜವರಿ ಕಿಸಕ್ಕೆಂದಳು, ರೈಟರಮ್ಮನಿಗೆ ತಲೆನೋವಾದ್ರೆ ನಮಗೆ ಹೊಟ್ಟೆನೋವು ಕಣವ್ವ, ಮುದ್ದಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡು, ನೀವೇ ಬ್ಯಾಡಾಂದಿದ್ದು ನನ್ನ ಕೂಸಿಗ್ಯಾಕೆ ಅಂದಳು, ಒಬ್ಬಳೂ ತೋಳು ಕೊಡಲಿಲ್ಲ, ಕಮಲ ಪೆಟ್ಟಿಗೆ ಮುಚ್ಚಿಕೊಂಡು ಲೈನಿನಿಂದ ವಾಪಸು ಬಂದಳು, ಆಗ ಖುಷಿಯಾಗಿತ್ತು, ಸುಳ್ಳು ಯಾಕೆ, ಅವತ್ತು ಸಾರಿಗೆ ಒಂದು ಚೂರು ಬೆಲ್ಲ ಹೆಚ್ಚೇ ಬಿದ್ದಿತ್ತು. ಅವತ್ತೇ ತಾನು ತೋಳು ಕೊಟ್ಟಿದ್ದರೆ — ಮುದ್ದಿಯ ಕೂಸು ಹುಟ್ಟಿದಾಗ ಮೊದಲು ಎತ್ತಿಕೊಂಡದ್ದು ಈ ಕೈ, ಸಾಸಿವೆ ಹಿಡಿದಿರುವ ಇದೇ ಕೈ, ಬೆವರಿಗೆ ಕಾಳು ಅಂಟಿಕೊಂಡಿದೆ. ಗಂಗಾ, ಏನಿವತ್ತು, ಒಗ್ಗರಣೆ ಇಲ್ವಾ, ಎಣ್ಣೆ ಸುಟ್ಟ ವಾಸನೆ ಬರ್ತಾ ಇದೆ, ಇವರ ದನಿ, ಹಿಂದೆಯೇ ಅವಳ ನಗು, ಏನಿದೆ ನಗುವಂಥದ್ದು, ಮತ್ತೆ ಚುರ್ರೆನ್ನುತ್ತದೆ ಎದೆ. ಬಾಣಲೆ ಇಳಿಸುತ್ತಾಳೆ, ಸಾಸಿವೆಯನ್ನು ಡಬ್ಬಿಗೆ ವಾಪಸು ಉದುರಿಸುತ್ತಾಳೆ, ಈ ಮನೆಯಲ್ಲೂ ಇವತ್ತು ಏನೂ ಸಿಡಿಯುವುದು ಬೇಡ. ನಾಳೆ ಮಸ್ಟರಿನಲ್ಲಿ ಎಲ್ಲರ ಕಣ್ಣೆದುರು ಮೊದಲು ತನ್ನ ತೋಳು, ಆಮೇಲೆ ಅವಳನ್ನು, ಆ ಕಮಲಳನ್ನೇ, ಪೆಟ್ಟಿಗೆ ಸಮೇತ ಮುದ್ದಿಯ ಬಾಗಿಲಿಗೆ ಕರೆದೊಯ್ಯುವುದು, ಇವರಿಗೆ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಹೇಳಿದರೆ ಇದೂ ಬೆಳಗಾಗುವುದರೊಳಗೆ ಅವಳ ಮಾತಾಗಿಬಿಡುತ್ತದೆ. ಕುಪ್ಪಸದ ತೋಳು ಮೇಲಕ್ಕೆ ಬರುತ್ತದೋ ಇಲ್ಲವೋ, ಎಳೆದು ನೋಡುತ್ತಾಳೆ, ಬರುತ್ತದೆ, ಇಲ್ಲೇ ಹಿಡಿಯುತ್ತಾಳೆ ಅವಳು, ಚರ್ಮವನ್ನು ಬಿಗಿಹಿಡಿಯುವ ಆ ಬೆರಳುಗಳು, ತಣ್ಣಗಿರುತ್ತವೋ, ಬೆಚ್ಚಗೋ, ಇವರನ್ನು ಹಿಡಿದ ಆ ಬೆರಳುಗಳು —