ಹಳದಿ ಪಟ್ಟೆ ಅಳಿಸಿದ ದಿನ

ಮಿರೇಯ್ ಹತ್ತೊಂಬತ್ತು ವರ್ಷ ಆ ಕಾಲುದಾರಿಗೆ ಹಳದಿ ಬಣ್ಣ ಬಳಿದಿದ್ದಳು. ಪೇರ್ಗಾಲ್ ಹಳ್ಳಿಯ ಚರ್ಚಿನ ಹಿಂಬದಿಯಿಂದ ಹೊರಟು, ಓಕ್ ಮರಗಳ ಕಾಡು ಹತ್ತಿ, ಕುರಿಗಳ ಹುಲ್ಲುಗಾವಲು ದಾಟಿ ಜಲಪಾತಕ್ಕೆ ಹೋಗುವ ದಾರಿ ಅದು. ತಿರುವು ಬಂದಲ್ಲೆಲ್ಲ ಮರದ ಮೇಲೋ ಬಂಡೆಯ ಮೇಲೋ ಅಂಗೈಯಗಲದ ಒಂದು ಪಟ್ಟೆ. ಹಿಮಕ್ಕೂ ಮಳೆಗೂ ಮಾಸಿದಾಗ ಅದರ ಮೇಲೆ ಮತ್ತೊಂದು ಬಳಿತ. ಯಾರೂ ಅವಳನ್ನು ಒತ್ತಾಯ ಮಾಡಿರಲಿಲ್ಲ. ಮೊದಲ ವರ್ಷ ತಾನಾಗಿಯೇ ಒಪ್ಪಿಕೊಂಡಿದ್ದಳು. ಆಮೇಲೆ ಅದು ಮಿರೇಯಳ ಕೆಲಸ ಎಂದು ಊರು ತೀರ್ಮಾನಿಸಿಬಿಟ್ಟಿತು.

ಆಗಸ್ಟಿನ ಒಂದು ಮಂಗಳವಾರ ಬೆಳಿಗ್ಗೆ, ಅದೇ ಪಟ್ಟೆಗಳನ್ನು ಅಳಿಸಲು ಅವಳೇ ಹೊರಟಳು. ಚೀಲದಲ್ಲಿ ಬೂದು ಬಣ್ಣದ ಡಬ್ಬಿ, ತಂತಿ ಬ್ರಷ್ಷು, ಒಂದು ತುಂಡು ಬ್ರೆಡ್ಡು, ನೀರು. ಅರವತ್ತೆರಡರ ಪ್ರಾಯ. ಬಲಮಂಡಿ ಎರಡು ವರ್ಷದಿಂದ ಮಾತು ಕೇಳುತ್ತಿರಲಿಲ್ಲ.

ಹುಲ್ಲುಗಾವಲು ಅವಳ ತಮ್ಮ ಫೆರ್ನಾನನದು. ಅಪ್ಪ ಇದ್ದಾಗ ಜನ ಹಾದುಹೋಗಲಿ ಎಂದು ಬಾಯಿಮಾತಿನಲ್ಲಿ ಹೇಳಿದ್ದ, ಅಷ್ಟೇ. ಕಾಗದಪತ್ರವೇನೂ ಇರಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಪ್ರವಾಸಿಗನೊಬ್ಬನ ನಾಯಿ ಹಗ್ಗ ಬಿಡಿಸಿಕೊಂಡು ಮಂದೆಯ ಮೇಲೆ ನುಗ್ಗಿತು. ಬೆದರಿದ ಕುರಿಗಳಲ್ಲಿ ಎರಡು ಬಂಡೆಯಂಚಿನಿಂದ ಕೆಳಗೆ ಬಿದ್ದು ಸತ್ತವು. ಫೆರ್ನಾನ್ ಪಂಚಾಯಿತಿ ಸಭೆಗೆ ಬಂದು, ಇನ್ನು ದಾರಿ ಇಲ್ಲ ಎಂದ. ಮಿರೇಯ್ ಎದ್ದು ನಿಂತು, ಒಂದು ನಾಯಿಯ ತಪ್ಪಿಗೆ ಇಡೀ ಊರಿನ ಬಾಗಿಲು ಹಾಕುವುದು ಸರಿಯಲ್ಲ, ಬೇಕರಿಯೂ ಊಟದ ಮನೆಯೂ ನಡೆಯುತ್ತಿರುವುದು ಆ ದಾರಿಯಿಂದಲೇ ಎಂದಳು. ಫೆರ್ನಾನ್ ಅಕ್ಕನ ಮುಖವನ್ನೊಮ್ಮೆ ನೋಡಿ, ಟೋಪಿ ಹಾಕಿಕೊಂಡು ಹೊರಗೆ ನಡೆದ. ಅಂದಿನಿಂದ ಮೂರು ತಿಂಗಳು ಇಬ್ಬರ ನಡುವೆ ಮಾತಿರಲಿಲ್ಲ.

ಜಮೀನು ಅವನದು, ದಾರಿ ಮುಚ್ಚಲೇಬೇಕಾಯಿತು. ಮೇಯರ್ ಬಾಸಾಲ್ ಖುದ್ದಾಗಿ ಮಿರೇಯಳ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತ. ಕಾಫಿ ಮುಗಿದ ಮೇಲೂ ಬಟ್ಟಲನ್ನು ತಿರುಗಿಸುತ್ತಲೇ ಇದ್ದ. ಕೊನೆಗೆ, "ಎಲ್ಲೆಲ್ಲಿ ಪಟ್ಟೆ ಇದೆ ಅಂತ ನಿಮ್ಮನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ ಮಿರೇಯ್" ಎಂದ.

ಬಳಿಯುವುದಕ್ಕಿಂತ ಅಳಿಸುವುದು ಕಷ್ಟ ಎಂದು ಅವಳಿಗೆ ಮೂರನೆಯ ಮರದ ಹೊತ್ತಿಗೆ ತಿಳಿಯಿತು. ಒಂದರ ಮೇಲೊಂದು ಕೂತ ಬಣ್ಣ ತೊಗಟೆಯಷ್ಟೇ ಗಟ್ಟಿಯಾಗಿತ್ತು. ತಂತಿ ಬ್ರಷ್ಷಿನಿಂದ ಕೆರೆದು, ಉಳಿದದ್ದರ ಮೇಲೆ ಬೂದು ಬಣ್ಣ ಹಚ್ಚಬೇಕು. ಹನ್ನೊಂದು ಗಂಟೆಗೆ ಹುಲ್ಲುಗಾವಲಿನ ಗೇಟಿನ ಕೆಳಗಿನ ತಿರುವು ಮುಟ್ಟುವಷ್ಟರಲ್ಲಿ ಭುಜ ಬಿದ್ದುಹೋಗಿತ್ತು. ಸಿಟ್ಟಾದರೂ ಬಂದಿದ್ದರೆ ಕೆಲಸ ಬೇಗ ಸಾಗುತ್ತಿತ್ತೇನೋ. ಅದೂ ಬರಲಿಲ್ಲ. ಬರೀ ದಣಿವು.

ಅಲ್ಲಿಗೆ ಕೆಳಗಿನಿಂದ ಒಂದು ಸಂಸಾರ ಏರಿ ಬಂತು. ಉತ್ತರದ ಲೀಲ್ ಪಟ್ಟಣದ ಕಡೆಯವರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಎಲ್ಲರಿಗಿಂತ ಹಿಂದೆ ಬಣ್ಣದ ಕೊಡೆ ಊರಿಕೊಂಡು ಹೆಂಡತಿಯ ತಾಯಿ. ದಾರಿ ಮುಚ್ಚಿದೆ ಎಂದು ಮಿರೇಯ್ ಹೇಳಿದಳು. ಗಂಡ ಫೋನನ್ನು ಅವಳ ಮುಖದ ಮುಂದೆ ಹಿಡಿದ.

"ಇದರಲ್ಲಿ ಇದೆಯಲ್ಲ ದಾರಿ."

"ಫೋನಲ್ಲಿದೆ. ನೆಲದ ಮೇಲಿಲ್ಲ."

ಅವನು ಅವಳ ಕೈಯಲ್ಲಿದ್ದ ಬ್ರಷ್ಷನ್ನೂ, ಅರ್ಧ ಹಳದಿ ಅರ್ಧ ಬೂದು ಬಣ್ಣವಾಗಿದ್ದ ಬಂಡೆಯನ್ನೂ ನೋಡಿದ. ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದಿದ್ದೇವೆ, ಹತ್ತು ನಿಮಿಷದಲ್ಲಿ ಹೋಗಿ ಬರುತ್ತೇವೆ ಎಂದು ಗೊಣಗುತ್ತ ಮುಂದೆ ಹೊರಟೇಬಿಟ್ಟ. ಮಕ್ಕಳು ಅವನ ಹಿಂದೆ ಓಡಿದವು. ಅವರನ್ನು ತಡೆಯುವ ಶಕ್ತಿ ಮಿರೇಯಳಿಗಿರಲಿಲ್ಲ.

ಮುದುಕಿ ಮಾತ್ರ ಹೋಗಲಿಲ್ಲ. ದಾರಿಬದಿಯ ಕಲ್ಲುಗೋಡೆಯ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಊದಿದ ಪಾದಗಳನ್ನು ಹುಲ್ಲಿನ ಮೇಲಿಟ್ಟಳು. ತನ್ನ ಹೆಸರು ಪೋಲೆಟ್ ಎಂದಳು.

"ನಿನ್ನೆ ಕೋಟೆ, ಮೊನ್ನೆ ಗುಹೆ, ಅದರ ಹಿಂದಿನ ದಿನ ದೋಣಿ. ನಮ್ಮ ಅಳಿಯ ಎಲ್ಲಾ ಬರ್ಕೊಂಡು ಬಂದಿದಾನೆ. ಇವರೆಲ್ಲ ರಜಕ್ಕೆ ಬಂದವರಮ್ಮ, ನಾನು ಸಾಮಾನಿನ ಜೊತೆ ಬಂದವಳು."

ಮಿರೇಯ್ ಬ್ರಷ್ಷು ಕೆಳಗಿಟ್ಟು ಅವಳ ಪಕ್ಕ ಕೂತಳು. ಬ್ರೆಡ್ಡು ಮುರಿದು ಅರ್ಧ ಕೊಟ್ಟಳು. ಪೋಲೆಟ್ ತನ್ನ ಚೀಲದಿಂದ ಎರಡು ಪೀಚ್ ಹಣ್ಣು ತೆಗೆದಳು.

"ಅಲ್ಲ, ಆ ಜಲಪಾತದಲ್ಲಿ ಅಂಥದ್ದೇನಿದೆ?" ಎಂದು ಕೇಳಿದಳು ಪೋಲೆಟ್.

"ಈ ತಿಂಗಳು ಏನೂ ಇಲ್ಲ. ಬಂಡೆ ಮೇಲೆ ಒಂದು ಒದ್ದೆ ಕಲೆ ಇರುತ್ತೆ."

"ಅವನಿಗೆ ಹೇಳ್ಬಾರ್ದಿತ್ತಾ?"

"ಅವರು ಕೇಳ್ಲಿಲ್ಲ."

ಪೋಲೆಟ್ ಸದ್ದಿಲ್ಲದೆ ನಗತೊಡಗಿದಳು. ನಕ್ಕೂ ನಕ್ಕೂ ಕೊನೆಗೆ ಕಣ್ಣು ಒರೆಸಿಕೊಳ್ಳಬೇಕಾಯಿತು.

ಆಗ ಮೇಲಿನಿಂದ ಕುರಿಗಂಟೆಗಳ ಸದ್ದು ಕೇಳಿಸಿತು. ಮಿರೇಯ್ ಮೊದಲು ಗಮನ ಕೊಡಲಿಲ್ಲ. ಸದ್ದು ಹತ್ತಿರವಾಗುತ್ತ ಬಂದಾಗ ಏನಾಗಿದೆಯೆಂದು ಹೊಳೆಯಿತು. ಆ ಸಂಸಾರ ಗೇಟನ್ನು ತೆರೆದೇ ಬಿಟ್ಟುಹೋಗಿತ್ತು. ಅವಳು ಏಳುವಷ್ಟರಲ್ಲಿ ಮುಂದಿನ ಕುರಿಗಳು ತಿರುವಿನಲ್ಲಿ ಕಾಣಿಸಿಕೊಂಡವು, ಅವುಗಳ ಹಿಂದೆ ಇಡೀ ಮಂದೆ. ಕೆಳಗೆ ಕಾಡು, ಕಾಡಿನಾಚೆ ಲಾರಿಗಳು ಓಡುವ ರಸ್ತೆ.

ಮಿರೇಯ್ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತಳು. ಕುರಿಗಳು ಅವಳ ಎಡಕ್ಕೆ ನುಸುಳಲು ನೋಡಿದವು. ಅಷ್ಟರಲ್ಲಿ ಪೋಲೆಟ್ ಬರಿಗಾಲಲ್ಲೇ ಎದ್ದು ಬಂದು, ಕೆಂಪು ಹೂವಿನ ಕೊಡೆಯನ್ನು ಫಟ್ಟನೆ ಬಿಚ್ಚಿ ಆ ಸಂದಿಗೆ ಹಿಡಿದಳು. ಕುರಿಗಳು ಗಕ್ಕನೆ ನಿಂತವು. ಮೇಲಿನ ಗೋಡೆಯ ಬಳಿ ಫೆರ್ನಾನ್ ಕಾಣಿಸಿದ, ಕೈಯಲ್ಲಿ ಕೋಲು. ಅವನು ಕೂಗಾಡಲಿಲ್ಲ. ಗಂಟೆ ಕಟ್ಟಿದ ಹಿರಿಯ ಕುರಿಯನ್ನು ಹೆಸರು ಹಿಡಿದು ಕರೆದ. ಅದು ತಲೆ ತಿರುಗಿಸಿತು, ಉಳಿದವು ಅದರ ಹಿಂದೆ ತಿರುಗಿದವು. ಇಬ್ಬರು ಹೆಂಗಸರು ಕೆಳಗಿನಿಂದ ಅಟ್ಟುತ್ತ, ಅವನು ಮೇಲಿನಿಂದ ಕರೆಯುತ್ತ, ಅರ್ಧ ಗಂಟೆಯಲ್ಲಿ ಮಂದೆ ಒಳಗೆ ಸೇರಿತು.

ಫೆರ್ನಾನ್ ಗೇಟು ಎಳೆದು ಚಿಲಕ ಹಾಕಿ, ಅದಕ್ಕೇ ಒರಗಿ ನಿಂತ. ಪೋಲೆಟ್ ಅಕ್ಕತಮ್ಮಂದಿರ ಮುಖ ನೋಡಿ, ಚಪ್ಪಲಿ ಹುಡುಕುತ್ತೇನೆಂದು ಕೆಳಗಿಳಿದಳು.

"ಬರೋವಾಗ ಅವರನ್ನ ನೋಡಿದ್ಯಾ?" ಎಂದು ಮಿರೇಯ್ ಕೇಳಿದಳು.

"ನೋಡ್ಬೇಕಾಗಿಲ್ಲ. ಜನ ಹೋದ್ರು ಅಂದ್ರೆ ಗೇಟು ತೆರೆದಿದೆ ಅಂತಲೇ ಲೆಕ್ಕ." ಅವನು ಟೋಪಿ ತೆಗೆದು ಮುಖ ಒರೆಸಿಕೊಂಡ. "ಅಪ್ಪ ಹೋದಾಗಿಂದ ಬೇಸಿಗೆಯಲ್ಲಿ ದಿನಾ ಸಂಜೆ ಇಲ್ಲಿಗೆ ಇಳಿದು ಬರ್ತೀನಿ ಅಕ್ಕ. ಹಾಲು ಕರೆದು ಮುಗಿಸಿ, ಊಟಕ್ಕೆ ಮುಂಚೆ. ಗೇಟು ಹಾಕೋದಕ್ಕೆ."

ಮಿರೇಯ್ ಮೇಲಿನ ಕೊಟ್ಟಿಗೆಯ ಕಡೆ ನೋಡಿದಳು. ಇಳಿಯಲು ಇಪ್ಪತ್ತು ನಿಮಿಷ, ಏರಲು ಅದಕ್ಕಿಂತ ಹೆಚ್ಚು. ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು.

"ನನಗೆ ಒಂದು ಮಾತು ಹೇಳ್ಲಿಲ್ಲ ನೀನು."

"ಏನಂತ ಹೇಳ್ಲಿ? ಬಣ್ಣದ ಡಬ್ಬಿ ಹಿಡ್ಕೊಂಡು ಖುಷಿಯಾಗಿ ಓಡಾಡ್ತಿದ್ದೆ."

"ಖುಷಿ ಎಲ್ಲಿಂದ ಬಂತೋ. ಏಳೆಂಟು ವರ್ಷದಿಂದ ಬೈಕೊಂಡೇ ಬಳೀತಿದ್ದೀನಿ."

ಫೆರ್ನಾನ್ ಅವಳನ್ನು ದಿಟ್ಟಿಸಿದ. "ಮತ್ತೆ ಸಭೆಯಲ್ಲಿ ಯಾಕೆ ಹಾಗೆ ಎದ್ದು ನಿಂತೆ?"

ಅವಳು ಬೂದು ಬಣ್ಣ ಒಣಗಿ ಬಿಗಿದುಕೊಂಡ ಬೆರಳುಗಳನ್ನು ಮಡಚಿ ಬಿಡಿಸಿದಳು.

"ಇಷ್ಟು ವರ್ಷ ಮಾಡಿದ್ದು ದಂಡ ಅಂತ ಎಲ್ಲರೆದುರು ಯಾರು ಒಪ್ಕೊಳ್ತಾರೆ, ಹೇಳು."

ಅವನು ಅವಳ ಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

ಸ್ವಲ್ಪ ಹೊತ್ತಿಗೆ ಸಂಸಾರ ಹಿಂದಿರುಗಿತು. ನೀರೇ ಇಲ್ಲ ಎಂದು ಮಕ್ಕಳು ಮುಖ ಊದಿಸಿಕೊಂಡಿದ್ದವು. ಗೇಟಿನ ವಿಷಯವನ್ನು ಫೆರ್ನಾನ್ ಹೇಳಿದಾಗ ಹೆಂಡತಿ ನಾಚಿ ಕ್ಷಮೆ ಕೇಳಿದಳು. ಗಂಡ ಫೋನು ತಿರುವುತ್ತ, ಹತ್ತಿರದಲ್ಲಿ ನೋಡುವಂಥದ್ದು ಬೇರೆ ಏನಿದೆ ಎಂದು ವಿಚಾರಿಸಿದ.

"ಕುರಿ" ಎಂದ ಫೆರ್ನಾನ್.

ಪೋಲೆಟ್ ಇನ್ನು ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು ಗೋಡೆಯ ಮೇಲೆಯೇ ಕೂತುಬಿಟ್ಟಳು. ಫೆರ್ನಾನ್ ಟ್ರ್ಯಾಕ್ಟರ್ ತಂದು, ಹಿಂದಿನ ಗಾಡಿಯಲ್ಲಿ ಹುಲ್ಲಿನ ಹೊರೆಯ ಮೇಲೆ ಅವಳನ್ನು ಕೂರಿಸಿ, ಸುತ್ತುದಾರಿಯಿಂದ ಚರ್ಚಿನವರೆಗೆ ಬಿಟ್ಟು ಬಂದ. ಇಡೀ ಪ್ರವಾಸದಲ್ಲಿ ತನ್ನನ್ನು ಯಾರಾದರೂ ಕೂರಿಸಿಕೊಂಡು ಹೋದದ್ದು ಇದೇ ಮೊದಲು ಎಂದಳಂತೆ.

ಅವನು ಮರಳಿ ಬರುವಷ್ಟರಲ್ಲಿ ಮಿರೇಯ್ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಅವನು ಎಬ್ಬಿಸಲಿಲ್ಲ. ಎಚ್ಚರವಾದಾಗ ಬಿಸಿಲು ಇಳಿದಿತ್ತು, ಗೇಟಿನ ಒಳಗಿನ ಮೊದಲ ಮೂರು ಬಂಡೆಗಳು ಬೂದು ಬಣ್ಣವಾಗಿದ್ದವು. ತಮ್ಮ ನಾಲ್ಕನೆಯದರ ಮುಂದೆ ಕೂತು ಕೆರೆಯುತ್ತಿದ್ದ.

"ಜಾಸ್ತಿ ಹಚ್ಚಿದೀಯ, ಸೋರ್ತಾ ಇದೆ ನೋಡು."

"ಬಳಿಯೋದು ನಿನ್ನ ಕಸುಬು, ನಂದಲ್ಲ. ಸುಮ್ನೆ ಮಲ್ಕೋ."

ಮಲಗಲಿಲ್ಲ. ತಗ್ಗಿನವನ್ನು ಅವಳು, ಎತ್ತರದವನ್ನು ಅವನು ಎಂದು ಹಂಚಿಕೊಂಡರು. ಕೊನೆಯ ಪಟ್ಟೆ ಮುಗಿದಾಗ ಹಾಲು ಕರೆಯುವ ಹೊತ್ತು ಮೀರಿತ್ತು. ಇಬ್ಬರೂ ಅವಸರದಲ್ಲಿ ಕೊಟ್ಟಿಗೆಯ ಕಡೆ ಹತ್ತಿದರು.

ಸೆಪ್ಟೆಂಬರಿನಲ್ಲಿ ಬಾಸಾಲ್ ಮತ್ತೆ ಬಂದ. ಹುಲ್ಲುಗಾವಲು ಬಿಟ್ಟು, ಕಾಡಿನ ಅಂಚಿನಿಂದಲೇ ಜಲಪಾತಕ್ಕೆ ಹೊಸ ದಾರಿ ಮಾಡಬಹುದು, ಮುಳ್ಳು ಸವರಿ ಪಟ್ಟೆ ಬಳಿದರಾಯಿತು, ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ ಎಂದ. ಮಿರೇಯ್ ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಹಾಕಿ, ತನ್ನಿಂದ ಆಗುವುದಿಲ್ಲ ಎಂದಳು. ಮಂಡಿ ವಾಸಿಯಾದ ಮೇಲೆ ನೋಡೋಣವೇ ಎಂದು ಅವನು ಕೇಳಿದ.

"ಮಂಡಿ ವಾಸಿಯಾದ್ರೂ ಇಲ್ಲ" ಎಂದಳು.

ಮೇಯರ್ ಕಚೇರಿಯ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿದರು. ಚಳಿಗಾಲ ಕಳೆದರೂ ಅದರ ಕೆಳಗೆ ಯಾರೂ ಹೆಸರು ಬರೆಯಲಿಲ್ಲ. ಮುಂದಿನ ಬೇಸಿಗೆಯಲ್ಲೂ ಜನ ಬಂದರು. ಹೊಳೆಯಲ್ಲಿ ಈಜಿದರು, ಚರ್ಚು ನೋಡಿದರು, ಊಟದ ಮನೆಯ ಮುಂದೆ ನೆರಳಲ್ಲಿ ಕೂತರು. ಫೋನು ಹಿಡಿದು ಮೇಲೆ ಹೋದ ಕೆಲವರು ಬೀಗ ಹಾಕಿದ ಗೇಟು ಕಂಡು ಗೊಣಗುತ್ತ ಇಳಿದರು. ಬೇಕರಿ ಮುಚ್ಚಲಿಲ್ಲ. ಅದು ಮುಚ್ಚಲಿಲ್ಲವೆಂದು ಮಿರೇಯಳಿಗೆ ಒಳಗೊಳಗೇ ಸ್ವಲ್ಪ ನೋವಾಯಿತು. ಅದನ್ನು ಅವಳು ಫೆರ್ನಾನನಿಗೆ ಮಾತ್ರ ಹೇಳಿದಳು.

ಅವನಿಗೂ ಸಂಜೆಯಾದರೆ ಕಾಲುಗಳು ತಾವಾಗಿಯೇ ಕೆಳಗೆ ಇಳಿಯಲು ಹವಣಿಸುತ್ತಿದ್ದವಂತೆ. ಬಾಗಿಲವರೆಗೆ ಹೋಗಿ, ಗೇಟಿಗೆ ಬೀಗ ಬಿದ್ದದ್ದು ನೆನಪಾಗಿ, ಮತ್ತೆ ಬಂದು ಕೂರುತ್ತೇನೆ ಎಂದ.